ಕಾಶೆವ್ವ ವೈನಿ ಬಣವಿ ಸುತ್ತಿದ್ದು

ಹುಕ್ಕೇರಿಯಿಂದ ಕುಲಗೋಡದ ತನಕ ಒಂದು ಕಿಲಾರಿ ಆಕಳನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ ಮನುಷ್ಯ ನಾನು. ಕೊಂಬು ಸಹಿತ. ನಡುವೆ ಘಟಪ್ರಭಾದಲ್ಲಿ ಚಹಾ ಕುಡಿದೆ, ಆಗಲೂ ಆಕಳನ್ನು ಕೆಳಗಿಳಿಸಲಿಲ್ಲ. ಇಳಿಸಿದರೆ ಮತ್ತೆ ಎತ್ತಿಕೊಳ್ಳುವ ತ್ರಾಸು ಯಾರಿಗೆ ಬೇಕು? ರೈಲ್ವೆ ಗೇಟಿನ ಹತ್ತಿರ ಬಂದ ಮಿರಜ ಗಾಡಿ ನನ್ನನ್ನು ನೋಡಿ ತಾನೇ ಹಿಂದೆ ಸರಿದು ದಾರಿ ಬಿಟ್ಟಿತು. ನಗಬೇಡಿ. ಆ ಆಕಳ ಮಗಳು ಇವತ್ತಿಗೂ ನಮ್ಮ ಮನೆಯಲ್ಲಿ ಕಟ್ಟಿದೆ. ಬಂದು ಅದನ್ನೇ ಕೇಳಿರಿ.

ನನ್ನ ಹೆಸರು ಶಿದ್ಲಿಂಗಪ್ಪ. ಆ ಕಾಲದಲ್ಲಿ ಕುಲಗೋಡಕ್ಕೆ ಬಂದವರಿಗೆ ನಮ್ಮ ಮನೆ ತೋರಿಸುವುದೇ ಬೇಕಾಗಿರಲಿಲ್ಲ. ಗೋಕಾಕದ ಬಸ್ಸು ಇಳಿದವರು ತುಪ್ಪದ ವಾಸನೆ ಹಿಡಿದು ಕಣ್ಣು ಮುಚ್ಚಿಕೊಂಡು ಬರುತ್ತಿದ್ದರು. ಒಮ್ಮೆ ಕಂಡಕ್ಟರನೇ ಬಸ್ಸು ನಡುದಾರಿಯಲ್ಲಿ ಬಿಟ್ಟು ನಮ್ಮ ಕಟ್ಟೆಗೆ ಬಂದು ಕೂತಿದ್ದ. ಅಣ್ಣ ವೀರಪ್ಪ ತೀರಿಕೊಂಡ ಮೇಲೆ ಆ ಮನೆ ನಡೆಸಿದಾಕೆ ಅವನ ಹೆಂಡತಿ, ನಮ್ಮ ಕಾಶೆವ್ವ ವೈನಿ. ನಾನು ಮದುವೆಯಾಗಲಿಲ್ಲ. ಹೆಣ್ಣು ಕೊಡಲು ಹದಿನಾರು ಊರಿನವರು ಸಾಲುಗಟ್ಟಿ ನಿಂತಿದ್ದರು. ಒಬ್ಬರಿಗೆ ಹೂಂ ಅಂದರೆ ಹದಿನೈದು ಊರಿಗೆ ಬೇಜಾರು ಅಂತ ಬಿಟ್ಟೆ. ವೈನಿ ಬಡಿದ ರೊಟ್ಟಿ ತಿಂದುಕೊಂಡು ಉಳಿದೆ.

ಹಳೇ ನಮೂನೆಯ ಮನೆ. ತಲೆಬಾಗಿಲು ದಾಟಿದರೆ ಎಡಕ್ಕೆ ತಗ್ಗಿನಲ್ಲಿ ದನದ ಅಂಕಣ, ಮೂರು ಮೆಟ್ಟಿಲು ಏರಿದರೆ ಮನುಷ್ಯರ ಪಡಸಾಲೆ. ನಾವು ಊಟಕ್ಕೆ ಕೂತರೆ ನಮ್ಮ ಗಂಗಾಳ ಮೇಲೆ, ಅವುಗಳ ಗ್ವಾದಲಿ ಕೆಳಗೆ. ನಾವು ಕಟಕ್ ರೊಟ್ಟಿ ಮುರಿಯುವ ಸಪ್ಪಳಕ್ಕೆ ಅವು ಕಣಕಿ, ಅಂದರೆ ಜೋಳದ ಒಣದಂಟು, ಅಗಿಯುವ ಸಪ್ಪಳ ಕೂಡುತ್ತಿತ್ತು. ಆ ಸಪ್ಪಳ ಕೇಳಿಕೊಂಡು ಉಂಡ ಅನ್ನ ಬೇರೆಯೇ ಹತ್ತುತ್ತಿತ್ತು ಮೈಗೆ. ಇದರಲ್ಲಿ ಸುಳ್ಳು ಒಂದಿಷ್ಟೂ ಇಲ್ಲ.

ವೈನಿಗೆ ದನ ಕಟ್ಟುವುದಕ್ಕೆ ತನ್ನದೇ ಲೆಕ್ಕವಿತ್ತು. ಸುಗ್ಗಿ ಮುಗಿದು ಜೋಳದ ಕಣಕಿ ಒಟ್ಟಿ ಹಿತ್ತಿಲಲ್ಲಿ ಬಣವಿ ಎದ್ದ ಮರುದಿನ, ತಲೆಗೆ ನೀರು ಹಾಕಿಕೊಂಡು, ಬಲಗೈ ಬಣವಿಗೆ ಹಚ್ಚಿ ಒಂದು ಸುತ್ತು ಹಾಕುತ್ತಿದ್ದಳು. ಸುತ್ತಿ ನಿಂತು, “ನಾಕು” ಅನ್ನುವಳು. ಅಥವಾ “ಈ ವರ್ಷ ಮೂರ.” ಆ ವರ್ಷ ಮನೆಯಲ್ಲಿ ಅಷ್ಟೇ ದನ. ಹೆಚ್ಚಿಗೆಯವನ್ನು ಮಾರುತ್ತಿರಲಿಲ್ಲ, ಪಾಲಿಗೆ ಬಿಡುತ್ತಿದ್ದಳು: ಮೇವಿದ್ದವರು ಒಯ್ದು ಸಾಕಬೇಕು, ಹಾಲು, ಹೆಂಡಿ ಅಂದರೆ ಸಗಣಿ, ಅವರದು, ಹುಟ್ಟಿದ ಮೊದಲ ಹೆಣ್ಣುಗರ ವಾಪಸ್ ನಮ್ಮದು.

“ಹೊಲಾ ದನಕ್ಕ ಉಣ್ಣಸತೈತಿ, ದನಾ ಹೊಲಕ್ಕ ಉಣ್ಣಸತಾವು,” ಅನ್ನುತ್ತಿದ್ದಳು. “ಅಂಗಡಿಯವ ನಡುವ ಬಂದ್ನಂದ್ರ ಇಬ್ಬರದೂ ಹೊಟ್ಟಿ ಕೆಡತೈತಿ.”

ತೊಂಬತ್ತಾರರಲ್ಲಿ ಮಗ ಮುರಿಗೆಪ್ಪನಿಗೆ ಹುಕ್ಕೇರಿಯ ಹೆಣ್ಣು ನೋಡಿದಾಗಲೂ ಇದನ್ನೇ ಮಾಡಿದಳು. ಹೆಣ್ಣಿನ ತಾಯಿ ರಾಮವ್ವ ಕೊಡುವ ತಗೊಳ್ಳುವ ಮಾತೆತ್ತಿದಾಗ ವೈನಿ ಕೈ ಅಡ್ಡ ಹಿಡಿದಳು.

“ನಮಗೇನೂ ಬ್ಯಾಡ್ರಿ. ನಾವ ನಿಮಗ ಒಂದು ಮಣಕ ಕೊಡತೇವಿ.”

“ಗಂಡಿನವ್ರು ಆಕಳ ಕೊಡೂದು ಎಲ್ಲೀ ಪದ್ಧತಿರೀ ಬೀಗತಿ?”

“ಮಗಳನ್ನ ಒಯ್ಯಾಕತ್ತೇನಿ. ಮುಂಜಾನೆದ್ದ ಕೂಡ್ಲೆ ಕರಿಯಾಕ ನಿಮಗೊಂದ ಹೆಸರ ಬೇಕಲ್ಲ. ಆದ್ರ ಮಾರಾಂಗಿಲ್ಲ. ಮತ್ತ ಮೊದಲ ಹೆಣ್ಣಗರ ನನ್ನದು.”

ಆ ಮದುವೆಗೆ ನಾಲ್ಕು ಲಕ್ಷ ಜನ ಉಂಡರು. ಹೋಗಲಿ, ನಾಲ್ಕು ನೂರು ಅನ್ನಿ.

ಆಮೇಲೆ ಕಾಲುವೆ ನೀರು ನಮ್ಮ ಹೊಲದ ತುದಿಗೂ ಬಂತು. ಮುರಿಗೆಪ್ಪ ಮೊದಲ ವರ್ಷ ಅರ್ಧ ಹೊಲಕ್ಕೆ ಕಬ್ಬು ಹಚ್ಚಿದ, ಎರಡನೇ ವರ್ಷ ಮುಕ್ಕಾಲು, ಎರಡು ಸಾವಿರದ ಒಂದರಲ್ಲಿ ಪೂರಾ. ಅವನನ್ನು ಬೈಯುವ ಹಾಗಿಲ್ಲ. ಕಬ್ಬಿನಿಂದ ಮನೆಗೆ ಹಂಚು ಬಂತು, ಮುಂದೆ ಅವನ ಇಬ್ಬರು ಹೆಣ್ಣುಮಕ್ಕಳು ಮೂಡಲಗಿಯ ಸಾಲೆಗೆ ಬಸ್ಸಿನಲ್ಲಿ ಹೋಗುವಂತಾಯಿತು. ನಮ್ಮ ಕಬ್ಬು ಎಷ್ಟು ಎತ್ತರ ಬೆಳೆದಿತ್ತೆಂದರೆ ನಡುಹೊಲಕ್ಕೆ ಹೋದವರು ಹೊರಗೆ ಬರುವಷ್ಟರಲ್ಲಿ ಹಬ್ಬ ಒಂದು ದಾಟಿರುತ್ತಿತ್ತು. ಆದರೆ ಸುಗ್ಗಿ ಬಂದಾಗ ಹಿತ್ತಿಲಲ್ಲಿ ಬಣವಿ ಏಳಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಿದ್ದೆವು. ಜೋಳದ ರೊಟ್ಟಿ, ಪುಂಡಿಪಲ್ಯ. ಆ ಜೋಳ ಪೇಟೆಯಿಂದ ತಂದದ್ದು. ಮುರಿಗೆಪ್ಪ ತಲೆ ಎತ್ತದೆ ಕೇಳಿದ:

“ಯವ್ವಾ, ಈ ಸಲ ಬಣವಿ ಸುತ್ತೂದಿಲ್ಲೇನು?”

“ಎಲ್ಲೈತಿ ಬಣವಿ ಸುತ್ತಾಕ?”

“ಹೌದಲ್ಲ, ಇಲ್ಲ. ಅಂದ ಮ್ಯಾಲೆ ನಿನ್ನ ಲೆಕ್ಕದಾಗ ಎಷ್ಟ ದನಾ ಕಟ್ಟಬೇಕು?”

ಕೆಳಗೆ ಮೂರು ಆಕಳು ಅಗಿಯುತ್ತಿದ್ದವು. ನಾನು ಬಾಯಿ ಹಾಕಿದೆ:

“ಲೇ ಮುರಿಗ್ಯಾ, ಕೊಂಡ ಹಾಕಿದ್ರ ಆತಪಾ. ನಾನ ಹೋಗಿ ಲಾರಿಗಟ್ಲೆ ಕಣಕಿ ತರತೇನಿ.”

“ಕಾಕಾ, ನೀ ಮೊನ್ನಿ ಉಪ್ಪ ತರಾಕ ಹೋಗಿ ಬರೇ ಚೀಲ ತಂದಿ. ಸುಮ್ಮಕುಂದ್ರು. ಕೊಂಡ ಹಾಕಬಾರದು ಅಂತ ಹೇಳಿದಾಕಿ ಯವ್ವನ.”

“ಒಂದೂ ಇಲ್ಲ,” ಅಂದಳು ವೈನಿ.

“ಏನು?”

“ನನ್ನ ಲೆಕ್ಕದಾಗ ಒಂದೂ ಕಟ್ಟಾಂಗಿಲ್ಲ. ಕೊಟ್ಟ ಬಾ.”

ಸೊಸೆ ಶೋಭಾ ರೊಟ್ಟಿ ನೀಡಲು ಬಂದವಳು ಬುಟ್ಟಿ ಹಿಡಿದುಕೊಂಡೇ ನಿಂತಳು. ವೈನಿ ಗಂಗಾಳದಲ್ಲಿ ಉಳಿದ ರೊಟ್ಟಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋಗಿ ಮೂರೂ ಬಾಯಿಗೆ ಒಂದೊಂದು ಚೂರು ಇಟ್ಟಳು.

ಪಾಲಿಗೆ ಒಯ್ಯುವವರೂ ಸಿಗಲಿಲ್ಲ. ಸುತ್ತಲಿನ ಎಲ್ಲರ ಹೊಲವೂ ಕಬ್ಬೇ. ಮೂಡಲಗಿ ಸಂತೆಗೆ ನಾನೂ ಮುರಿಗೆಪ್ಪನೂ ಹೊಡೆದುಕೊಂಡು ಹೋದೆವು. ನಮ್ಮ ಆಕಳು ಸಂತೆಗೆ ಕಾಲಿಟ್ಟಾಗ ಉಳಿದ ದನವೆಲ್ಲ ಎದ್ದು ನಿಂತವು, ದಲಾಲರು ಟೊಪ್ಪಿಗೆ ತೆಗೆದರು. ಮಾರಿದ ದನದ ಹಗ್ಗ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮೂರು ಖಾಲಿ ಹಗ್ಗ ಹೆಗಲಿಗೆ ಹಾಕಿಕೊಂಡು ವಾಪಸ್ ಬಂದೆವು. ದಾರಿಯುದ್ದಕ್ಕೂ ಮುರಿಗೆಪ್ಪ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ನಾನು ಮಾತಾಡಲಿಲ್ಲ ಅಂದರೆ ತಿಳಿದುಕೊಳ್ಳಿರಿ. ವೈನಿ ಆ ಹಗ್ಗ ಇಸಿದುಕೊಂಡು ಅಂಕಣದ ಗೂಟಕ್ಕೆ ತೂಗುಹಾಕಿದಳು.

ಹದಿನೈದು ದಿನಕ್ಕೆ ಎರಡು ಜರ್ಸಿ ಆಕಳು ಬಂದವು. ಅಂಕಣದ ಬಾಗಿಲು ಅವಕ್ಕೆ ಸಾಲಲಿಲ್ಲ, ಹೊರಗೆ ತಗಡಿನ ಶೆಡ್ಡು ಹಾಕಿಸಿದ ಮುರಿಗೆಪ್ಪ. ಹಾಲೇನು ಕೇಳಬೇಡಿ. ಹಿಂಡಿದರೆ ಕೊಡ, ಮತ್ತೊಮ್ಮೆ ಹಿಂಡಿದರೆ ಹಂಡೆ. ಡೇರಿಯವನು ನಮ್ಮ ಕ್ಯಾನು ನೋಡಿ ರಜೆ ಹಾಕಿ ಊರಿಗೆ ಹೋದ. ಮೊದಲ ಪಗಾರದಲ್ಲಿ ಮುರಿಗೆಪ್ಪ ತಾಯಿಗೆ ಒಂದು ಇಳಕಲ್ ಸೀರೆ ತಂದ. ವೈನಿ ಉಟ್ಟಳು. ಆದರೆ ಆ ಹಾಲಿನ ಚಹಾ ಮುಟ್ಟಲಿಲ್ಲ.

“ಅತ್ತಿ, ಹಾಲ ಹಾಕತೇನ್ರಿ,” ಅನ್ನುವಳು ಶೋಭಾ.

“ಕರೀ ಚಾ ರುಚಿ ಐತಿ ತಂಗಿ.”

“ಮುಖಾ ಕಿವಚಿ ಕುಡದ್ರ ರುಚಿ ಅಂತಾರೇನ್ರಿ?”

“ನನ್ನ ಮುಖಾನ ಹಂಗೈತಿ.”

ಹಾಲು ಮುಟ್ಟದಿದ್ದರೂ ಜರ್ಸಿಯನ್ನು ಮುಟ್ಟಿದಳು. ಚೈತ್ರದ ಬಿಸಿಲಿಗೆ ತಗಡು ಕಾದು ಅವು ಬಾಯಿ ತೆರೆದು ಏದುಸಿರು ಬಿಡುವಾಗ, ಗೋಣಿಚೀಲ ನೀರಲ್ಲಿ ಅದ್ದಿ ಅವುಗಳ ಬೆನ್ನ ಮೇಲೆ ಹೊದಿಸುವಾಕೆ ಆಕೆಯೇ. “ಇವುಗಳದೇನ ತಪ್ಪೈತಿ? ತಂಪ ದೇಶದ್ದನ್ನ ತಂದ ಕಾದ ಹಂಚಿನ ಮ್ಯಾಲೆ ಕಟ್ಟೇವಿ,” ಅನ್ನುವಳು. ಮತ್ತು ದಿನಾ ಮುಂಜಾನೆ, ಒಂದು ದನವೂ ಇಲ್ಲದ ಆ ಒಳಗಿನ ಅಂಕಣ ಗುಡಿಸುವಳು.

“ಖಾಲಿ ಜಾಗಾ ಯಾಕ ಗುಡಸತೀ ಯವ್ವಾ? ಅಲ್ಲಿ ನನ್ನ ಗಾಡಿ ನಿಲ್ಲಸತೇನಿ,” ಅಂದ ಮುರಿಗೆಪ್ಪ.

“ನಿಲ್ಲಸು. ನಿನ್ನ ಗಾಡಿ ಹೆಂಡಿ ಹಾಕಿದ್ರ ಬಳೀತೇನಿ.”

ಕಬ್ಬು ಕಡಿಯುವಷ್ಟು ದಿನ ಕಬ್ಬಿನ ತುದಿಯ ಗರಿ, ನಾವು ವಾಡಿ ಅನ್ನುವುದು, ಬೇಕಾದಷ್ಟು ಸಿಕ್ಕಿತು. ಕಡಿತ ಮುಗಿದ ಮೇಲೆ ಮೇವಿಗೆ ಬರ. ಹಿಂಡಿ ಅಂಗಡಿಯಿಂದ, ಹೊಟ್ಟು ಅಂಗಡಿಯಿಂದ, ಔಷಧ ಗೋಕಾಕದಿಂದ. ಒಂದಕ್ಕೆ ಕೆಚ್ಚಲು ಬಾವು ಬಂತು. ಡೇರಿಯ ಪಗಾರ ಈ ಕೈಯಿಂದ ಬಂದು ಆ ಕೈಯಿಂದ ಹೋಗತೊಡಗಿತು. ಹಾಲು ಹಿಂಡುವುದು, ಹೆಂಡಿ ಬಳಿಯುವುದು, ಬಿಸಿನೀರಲ್ಲಿ ಕೆಚ್ಚಲು ಒತ್ತುವುದು ಎಲ್ಲ ಶೋಭಾಳ ತಲೆಮೇಲೆ. ಒಂದು ಮುಂಜಾನೆ ಆಕೆ ಕ್ಯಾನು ತಂದು ಗಂಡನ ಮುಂದೆ ಕುಕ್ಕಿದಳು. ಆ ಸಪ್ಪಳಕ್ಕೆ ಮೂಡಲಗಿಯಲ್ಲಿ ಮಲಗಿದವರು ಎದ್ದು ಕೂತರು.

“ನಾಳಿಂದ ನೀವ ಹಿಂಡ್ರಿ.”

“ಯಾಕ, ಏನಾತು?”

“ಏನೂ ಆಗಿಲ್ಲ. ಹಾಲ ಡೇರಿಗಿ, ರೊಕ್ಕ ಹಿಂಡಿ ಅಂಗಡಿಗಿ, ಹೆಂಡಿ ನನ್ನ ಕೈಗಿ. ಮಕ್ಕಳು ಮೊಸರ ಕೇಳಿದ್ರ ಡೇರಿಗಿ ಕಡಮಿ ಆಕೈತಿ ಅಂತೀರಿ. ಹಾಲ ಮನ್ಯಾಗ ಮೊಸರಿಲ್ಲಂದ್ರ ನಮ್ಮವ್ವ ನಗತಾಳ.”

“ನಿಮ್ಮವ್ವಗೇನು, ಒಂದ ಆಕಳ ಕಟಗೊಂಡ ಆರಾಮ ಅದಾಳ.”

“ಅದು ಯಾರ ಕೊಟ್ಟ ಆಕಳ?”

ಮುರಿಗೆಪ್ಪ ನನ್ನ ಕಡೆ ನೋಡಿದ. ನಾನು ಛಾವಣಿಯ ಕಡೆ ನೋಡಿದೆ.

“ಈಗ ಏನ ಮಾಡಂತಿ?” ಅಂದ.

“ಬಾವಿ ಬಾಜೂ ಎರಡ ಪಟ್ಟಿ ಜ್ವಾಳಾ ಬಿತ್ತರಿ. ಕಬ್ಬ ಬ್ಯಾಡ ಅನ್ನೂದಿಲ್ಲ. ಎರಡ ಪಟ್ಟಿ ಸಾಕು. ಮನಿ ರೊಟ್ಟಿಗಿ ಜ್ವಾಳಾಕೈತಿ, ಇವಕ್ಕ ಕಣಕಿ ಆಕೈತಿ. ಅತ್ತಿಯವರು ಬಾಯಿ ಬಿಟ್ಟ ಕೇಳೂದಿಲ್ಲ. ನಾ ಕೇಳಾಕತ್ತೇನಿ.”

ವೈನಿ ಒಳಗೆ ಹಿಟ್ಟು ಸಾಣಿಸುತ್ತಿದ್ದಳು. ಸಾಣಿಗೆಯ ಸಪ್ಪಳ ನಿಂತಿತ್ತು. ಮುರಿಗೆಪ್ಪ, “ನೋಡೂಣು,” ಅಂದ ಮೇಲೆ ಮತ್ತೆ ಶುರುವಾಯಿತು.

ಬಾವು ಬಂದ ಜರ್ಸಿ ಗುಣವಾದ ಮೇಲೆ ಅದನ್ನು ಬೇರೆಯವರಿಗೆ ಕೊಟ್ಟ, ಇನ್ನೊಂದನ್ನು ಇಟ್ಟುಕೊಂಡ. ಹಿಂಗಾರಿಗೆ ಬಾವಿ ಬಾಜೂ ಎರಡು ಪಟ್ಟಿ ಬಿಳಿಜೋಳ ಬಿತ್ತಿದ. ಆ ತೆನೆಗಳು ನನ್ನ ತಲೆಗಿಂತ ದೊಡ್ಡವು. ನನ್ನ ತಲೆ ಸಣ್ಣದಲ್ಲ, ಕುಲಗೋಡದವರನ್ನು ಕೇಳಿ. ಸುಗ್ಗಿ ಮುಗಿದು ಹಿತ್ತಿಲಲ್ಲಿ ಬಣವಿ ಒಟ್ಟಿದಾಗ ಮಾತ್ರ ನನಗೂ ಹೆಚ್ಚಿಗೆ ಹೇಳಲು ಬಾಯಿ ಬರಲಿಲ್ಲ. ಸಣ್ಣದಿತ್ತು. ಕುಂತ ಎತ್ತಿನಷ್ಟಿತ್ತು.

ಮರುದಿನ ವೈನಿ ತಲೆಗೆ ನೀರು ಹಾಕಿಕೊಂಡು ಹಿತ್ತಿಲಿಗೆ ಬಂದಳು. ನಾವೆಲ್ಲ ಬಾಗಿಲಲ್ಲಿ. ಬಲಗೈ ಹಚ್ಚಿ ಸುತ್ತಿದಳು. ಸಾಲಲಿಲ್ಲ ಅನ್ನುವ ಹಾಗೆ ಇನ್ನೊಂದು ಸುತ್ತು ಸುತ್ತಿದಳು. ಎಂದೂ ಎರಡು ಸುತ್ತು ಹಾಕಿದವಳಲ್ಲ.

“ಜರ್ಸಿಗಿ ಅರ್ಧಾ ಹೋತಂದ್ರ...” ಮುರಿಗೆಪ್ಪ ತಾನೇ ಶುರುಮಾಡಿದ.

“ಅದಕ್ಕ ವಾಡಿ ಐತಿ. ಬ್ಯಾಸಗಿಗಿ ಒಂದೀಟ ಇದರಾಗಿಂದ ಕೊಡೂಣು.” ವೈನಿ ಸೆರಗಿನಿಂದ ಕೈ ಒರೆಸಿಕೊಂಡಳು. “ಒಂದು.”

“ಒಂದ ಏನು?”

“ಒಂದ ಆಕಳ ಕಟ್ಟಬಹುದು.”

ಗೂಟಕ್ಕಿದ್ದ ಮೂರು ಹಗ್ಗದಲ್ಲಿ ಒಂದನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮರುದಿನವೇ ಹುಕ್ಕೇರಿಗೆ ಹೊರಟಳು. ನಾನಿಲ್ಲದೆ ಹೇಗೆ? ನಾನೂ ಹೊರಟೆ.

ರಾಮವ್ವನ ಮನೆಯ ಆ ಆಕಳು ವಾರದ ಹಿಂದೆ ಈದಿತ್ತು. ಐದು ವರ್ಷದಲ್ಲಿ ಹಾಕಿದ ಮೂರು ಕರುವೂ ಗಂಡು. ಹೆಣ್ಣುಗರ ಇದೇ ಮೊದಲು. ಬಿಳೀದು, ಮೈಮೇಲೆ ಇನ್ನೂ ತಾಯಿಯ ನಾಲಗೆಯ ಹಸಿ. ರಾಮವ್ವ ನಮಗೆ ಗಿಣ್ಣ ಬಡಿಸಿದಳು. ವರ್ಷದ ಮೇಲೆ ವೈನಿಯ ಬಾಯಿಗೆ ಹಾಲಿನದು ಏನೋ ಬಿತ್ತು.

“ಮಾತಿನಂಗ ಕರಾ ನಿಮ್ಮದು,” ಅಂದಳು ರಾಮವ್ವ. “ಆದ್ರ ಬೀಗತಿ, ವಾರದ ಕರಾ ತಾಯಿ ಬಿಟ್ಟ ಹ್ಯಾಂಗ ಇದ್ದೀತ್ರೀ? ತಾಯೀನೂ ಒಯ್ರಿ. ಮಲಿ ಬಿಟ್ಟ ಮ್ಯಾಲೆ ತಾಯಿ ತಂದ ಬಿಡ್ರಿ.”

“ನನ್ನ ಬಣವಿ ಒಂದಕ್ಕ ಐತಿ.”

“ಕರಾ ಕಣಕಿ ತಿಂತೈತೇನು? ಅದು ಲೆಕ್ಕಕ್ಕ ಯಾಕ?”

ವೈನಿ ಕಂಕುಳಲ್ಲಿದ್ದ ಹಗ್ಗ ತೆಗೆದು, “ಹೌದ್ನೋಡ್ರಿ,” ಅಂದಳು.

ಇಲ್ಲಿ ನನ್ನ ಪ್ರತಾಪ. ರಾಮವ್ವನ ಬಾಗಿಲ ಮುಂದೆಯೇ ನಾನು ಧೋತರ ಮೇಲೆ ಕಟ್ಟಿ, ಬಸವಣ್ಣನನ್ನು ನೆನೆದು, ಆಕಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಕರುವನ್ನು ವೈನಿಯ ಜೊತೆ ಬಸ್ಸಿಗೆ ಹತ್ತಿಸಿದೆ. ಮುಂದಿನದು ನೀವು ಬಲ್ಲಿರಿ: ಘಟಪ್ರಭಾ, ಚಹಾ, ಮಿರಜ ಗಾಡಿ.

ಮನೆಗೆ ಬಂದ ಮರುದಿನ ಮುಂಜಾನೆ ಅಂಕಣದಲ್ಲಿ ಮತ್ತೆ ಹೆಂಡಿ ಬಿತ್ತು. ಶೋಭಾ ಬುಟ್ಟಿ ತಂದರೆ ಮುರಿಗೆಪ್ಪ, “ಇಲ್ಲಿ ಕೊಡು,” ಅಂತ ತಾನೇ ಬಳಿದ. ಆ ದಿನ ವೈನಿ ಹಾಲು ಹಾಕಿದ ಚಹಾ ಕುಡಿದಳು. ಎರಡು ಕಪ್ಪು. ತಾಯಿ ಆಕಳನ್ನು ಕರು ಮೊಲೆ ಬಿಟ್ಟ ಮೇಲೆ ಮಾತಿನಂತೆ ಹುಕ್ಕೇರಿಗೆ ಮುಟ್ಟಿಸಿದೆವು. ಕರು ಉಳಿಯಿತು.

ಆಮೇಲೆ ಊರ ಹೆಂಗಸರು ಒಬ್ಬೊಬ್ಬರೇ ಬರತೊಡಗಿದರು. “ಕಾಶೆವ್ವಾ, ನಮ್ಮ ಬಣವೀನೂ ಒಂದ ಸುತ್ತ ಸುತ್ತ ಬಾ. ನಾವ ಎಷ್ಟ ಕಟ್ಟಬಹುದು ಹೇಳು.” ವೈನಿ ಹೋಗುವಳು. ಬಣವಿ ಇಲ್ಲದವರಿಗೆ, “ಒಂದ ಪಟ್ಟಿ ಜ್ವಾಳಾ ಬಿತ್ತಿ ಕರೀರಿ, ಬರತೇನಿ,” ಅನ್ನುವಳು. ಘಟಪ್ರಭಾದಲ್ಲಿ ಹೆಂಗಸರ ಸಂಘದವರು ಒಮ್ಮೆ ಮಾತಾಡಲು ಕರೆದರು. ಅಲ್ಲಿ ವೈನಿ ಮೂರು ಹಗಲು ಮಾತಾಡಿದಳು, ಸಾಹೇಬರುಗಳು ಕಣ್ಣೀರು ಹಾಕಿ ಕರವಸ್ತ್ರ ಹಿಂಡಿದರು. ಖರೆ ಹೇಳಬೇಕೆಂದರೆ ಒಂದು ಚಹಾ ಆರುವಷ್ಟು ಹೊತ್ತು ಮಾತಾಡಿದಳು. ಯಾರೋ ಎದ್ದು, “ಅಜ್ಜಿ, ಜರ್ಸಿ ಕಟ್ಟಬಾರದೇನ್ರಿ?” ಅಂತ ಕೇಳಿದರು.

“ನಮ್ಮ ಮನ್ಯಾಗೊಂದೈತಿ,” ಅಂದಳು ವೈನಿ. “ಯಾವ್ದರ ಕಟ್ರಿ. ನಿಮ್ಮ ಹೊಲಾ ಅದಕ್ಕ ಉಣ್ಣಸಬೇಕು. ಅದು ನಿಮ್ಮ ಹೊಲಕ್ಕ ಉಣ್ಣಸಬೇಕು. ನಿಮ್ಮ ಮಕ್ಕಳಿಗಿ ಮೊಸರ ಉಳೀಬೇಕು. ಈ ಮೂರೂ ಆಗತಿದ್ರ ಆನಿ ಕಟ್ರಿ.”

ಈಗ ಸುತ್ತಲಿನ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಬಣವಿಗೆ ಕೈ ಹಚ್ಚಿ ಸುತ್ತುವ ಹೆಂಗಸರು ಸಿಗುತ್ತಾರೆ. ಹತ್ತು ಸಾವಿರ ಇರಬಹುದು. ಇಪ್ಪತ್ತು ಮನೆ ಅಂತೂ ನಾನೇ ಕಣ್ಣಾರೆ ನೋಡಿದ್ದೇನೆ. ನಮ್ಮ ಹಿತ್ತಿಲ ಬಣವಿಯೂ ಬೆಳೆದು ಎರಡಕ್ಕೆ ಸಾಲುವಷ್ಟಾಗಿದೆ.

ಮೊನ್ನೆ ಆ ಕರು, ಈಗ ಕೊಂಬೆತ್ತಿದ ಆಕಳು, ಎರಡನೇ ಸಲ ಈಯಿತು. ಗಿಣ್ಣ ತಿನ್ನಲು ರಾಮವ್ವನನ್ನು ಹುಕ್ಕೇರಿಯಿಂದ ಕರೆಸಿದ್ದೆವು. ಪಡಸಾಲೆ ತುಂಬ ಜನ. ನಾನು ಎಂದಿನಂತೆ ಶುರುಮಾಡಿದೆ, ಹೆಗಲು, ಕೊಂಬು, ಮಿರಜ ಗಾಡಿ. ರಾಮವ್ವ ಗಿಣ್ಣದ ಬಟ್ಟಲು ಕೆಳಗಿಟ್ಟಳು.

“ಬೀಗರ, ಯಾವ ಆಕಳರೀ ನೀವ ಹೊತ್ತದ್ದು?”

“ಇದರವ್ವ. ನಿಮ್ಮ ಬಾಗಲದಾಗಿಂದ.”

“ನಮ್ಮ ಬಾಗಲದಾಗ ದುರ್ಗಪ್ಪನ ಟೆಂಪೋ ನಿಂತಿತ್ತಲ್ಲ. ಆಕಳಾ ಕರಾ ಎರಡೂ ಹತ್ತಿಸಿದಾಕಿ ನಾನ. ನೀವ ಮೊದಲ ಹತ್ತಿ ಡ್ರಾಯವರ ಬಾಜೂ ಕುಂತಿದ್ರಿ.”

ಪಡಸಾಲೆ ನಕ್ಕಿತು. ಮುರಿಗೆಪ್ಪನಿಗೆ ಕೆಮ್ಮು ಬಂತು. ಶೋಭಾ, “ಸಣ್ಣ ಮಾವಾರ, ಟೆಂಪೋ ಹೊತಗೊಂಡ ಬಂದಿದ್ರೇನ್ರಿ ಮತ್ತ?” ಅಂದಳು.

ಸಿಕ್ಕಿಬಿದ್ದೆ. ಹೇಳಿಬಿಡುತ್ತೇನೆ.

ಆ ಆಕಳಿಗೆ ಟೆಂಪೋ ಆಗಿಬರಲಿಲ್ಲ. ದಾರಿಯುದ್ದಕ್ಕೂ ಒದ್ದು ಒದ್ದು ಹಿಂದಿನ ಹಲಗೆ ಸೀಳಿತು. ಘಟಪ್ರಭಾ ಸ್ಟೇಶನ್ನಿನ ಹತ್ತಿರ ದುರ್ಗಪ್ಪ ನಮ್ಮೆಲ್ಲರನ್ನೂ ಇಳಿಸಿ ಕೈಮುಗಿದು ಹೋದ. ಅಲ್ಲಿಂದ ಕುಲಗೋಡಕ್ಕೆ ನಡಿಗೆಯೇ ಗತಿ. ತಾಯಿ ನಡೆಯುತ್ತಿತ್ತು, ವಾರದ ಕರು ಎಲ್ಲಿ ನಡೆದೀತು? ನಾನು ಎತ್ತಲು ಹೋದೆ. ನಾಲ್ಕು ಹೆಜ್ಜೆಗೆ ನನ್ನ ಸೊಂಟ ಹಿಡಿಯಿತು. ಆಗ ವೈನಿ ಬಗ್ಗಿ, ಮುಂಗಾಲು ಒಂದು ಕೈಯಲ್ಲಿ ಹಿಂಗಾಲು ಒಂದು ಕೈಯಲ್ಲಿ ಹಿಡಿದು, ಕರುವನ್ನು ಹೆಗಲ ಮೇಲೆ ಹಾಕಿಕೊಂಡಳು. ಅರವತ್ತರ ಹತ್ತಿರದ ಹೆಂಗಸು. ಆ ದಿನ ಗೋಕಾಕದ ತನಕ. ಅಲ್ಲಿ ನಮ್ಮವರ ಮನೆಯಲ್ಲಿ ವಸ್ತಿ. ಮರುದಿನ ಗೋಕಾಕದಿಂದ ಮನೆಯ ತನಕ, ಕೂತು ಎದ್ದು, ಕೂತು ಎದ್ದು. ಕರು ಆಕೆಯ ಕಿವಿ ನೆಕ್ಕುತ್ತಿತ್ತು, ತಾಯಿ ಆಕಳು, ಯಾರೂ ಹಗ್ಗ ಹಿಡಿಯದಿದ್ದರೂ, ಆಕೆಯ ಬೆನ್ನ ಹಿಂದೆಯೇ ಬರುತ್ತಿತ್ತು. ನಾನು ಎಲ್ಲರ ಹಿಂದೆ. ಊರು ಮುಟ್ಟಿದಾಗ ಕತ್ತಲಾಗಿತ್ತು, ವೈನಿ ತಲೆಬಾಗಿಲ ಹೊರಗೇ ಕರುವನ್ನು ಕೆಳಗಿಳಿಸಿದಳು, ಯಾರೂ ನೋಡಲಿಲ್ಲ. ಊರಿಗೆ ಬಂದು ಇದನ್ನು ಇದ್ದ ಹಾಗೆ ನಾಲ್ಕು ಮಂದಿಗೆ ಹೇಳಿದೆ. ಒಬ್ಬರೂ ನಂಬಲಿಲ್ಲ, ಶಿದ್ಲಿಂಗಪ್ಪ ಬಂಡಲ್ ಬಿಡಾಕತ್ತಾನು ಅಂದರು. ನಂಬದ ಮೇಲೆ ಯಾರು ಹೊತ್ತರೇನು ಅಂತ ನಾನೇ ಹೊತ್ತೆ. ಕರು ಹೊತ್ತೆ ಅಂದರೆ ಸಣ್ಣದಾಯಿತು ಅಂತ ಆಕಳು ಹೊತ್ತೆ.

“ಹಂಗಾರ ಕಾಕಾ, ನೀ ಏನ ಹೊತ್ತಿದ್ದಿ?” ಅಂದ ಮುರಿಗೆಪ್ಪ. ಈಗ ಅವನು ನಗುತ್ತಿರಲಿಲ್ಲ. ತಾಯಿಯ ಹೆಗಲ ಕಡೆ ನೋಡುತ್ತಿದ್ದ.

“ಬುತ್ತಿಗಂಟು. ಮತ್ತ ವೈನಿ ಚಪ್ಪಲಿ. ಭಾರ ಹೊತ್ತಾಗ ಜಾರತಾವಂತ ಬಿಚ್ಚಿ ನನ್ನ ಕೈಯಾಗ ಕೊಟ್ಟಿದ್ರು.”

ವೈನಿ ಕೆಳಗೆ ಅಂಕಣದಲ್ಲಿ ಹೊಸ ಕರುವಿನ ಮೈ ಒರೆಸುತ್ತಿದ್ದಳು. ತಲೆ ಎತ್ತದೆ ಅಂದಳು:

“ಶಿದ್ಲಿಂಗಾ, ಅದರಾಗೂ ಒಂದ ಕಳದಿದ್ದಿ. ಅದನ್ನೂ ಹೇಳಿಬಿಡು.”

ಹೌದು. ಒಂದು ಕಳೆದಿದ್ದೆ.